ಮೀನಿಗೆ ದಾರಿ ಬಿಡಿಸಿದವನು

ಫ್ರಾಂಕ್ ಬಕ್ಲಂಡನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನಗೆಯ ಮಾತಿನ ನಡುವೆ. ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರವನ್ನು ಕಲಿಸುತ್ತಿದ್ದ ಅಧ್ಯಾಪಕರು, ಮಧ್ಯಾಹ್ನದ ತರಗತಿಯಲ್ಲಿ ಹುಡುಗರು ತೂಕಡಿಸತೊಡಗಿದರೆ, ಈತನ ಕಥೆಯೊಂದನ್ನು ತೆಗೆಯುತ್ತಿದ್ದರು. ಕರಡಿಮರಿಗೆ ವಿದ್ಯಾರ್ಥಿಯ ನಿಲುವಂಗಿಯನ್ನೂ ಟೋಪಿಯನ್ನೂ ತೊಡಿಸಿ ವಿದ್ವಾಂಸರ ಕೂಟಕ್ಕೆ ಕರೆದೊಯ್ದವನು. ಸತ್ತು ಮಣ್ಣು ಸೇರಿದ್ದ ಚಿರತೆಯನ್ನು ಅಗೆದು ತೆಗೆಸಿ ಅದರ ಮಾಂಸದ ರುಚಿ ನೋಡಿದವನು. ಕೋತಿಗಳಿಗೆ ಮನೆಯನ್ನೇ ಬಿಟ್ಟುಕೊಟ್ಟವನು. ಅಂಥ ಕಥೆಗಳಲ್ಲಿ ಒಂದು ಸಾಲ್ಮನ್ ಮೀನಿಗೆ ಸಂಬಂಧಿಸಿದ್ದು. ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯೊಂದರ ಬುಡದಲ್ಲಿ ಮೀನುಗಳು ಹಾರಿ ಹಾರಿ ಬೀಳುತ್ತಿದ್ದುದನ್ನು ಕಂಡ ಬಕ್ಲಂಡ್ ಅಲ್ಲಿ ಮೀನುಗಳಿಗಾಗಿಯೇ ಒಂದು ಸೂಚನಾಫಲಕವನ್ನು ಬರೆದು ನಿಲ್ಲಿಸಿದನಂತೆ. ಇಲ್ಲಿ ಸದ್ಯಕ್ಕೆ ದಾರಿಯಿಲ್ಲ, ತುಸು ಕೆಳಕ್ಕೆ ಹೋಗಿ ಪಕ್ಕಕ್ಕೆ ತಿರುಗಿದರೆ ಹಾರುವ ಶ್ರಮವಿಲ್ಲದೆ ಮೇಲೇರಬಹುದು ಎಂಬುದು ಅದರ ತಾತ್ಪರ್ಯ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಾನು ನಗಬಾರದಾಗಿತ್ತು. ಅಂಥ ಕಟ್ಟೆಯೊಂದರ ಬುಡದಲ್ಲಿ ನಾನೂ ನಿಂತವನೇ.

ನಮ್ಮದು ಮಲೆನಾಡಿನ ಒಂದು ಹಳ್ಳಿ. ಮೃಗಶಿರೆಯ ಮಳೆ ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂತೆಂದರೆ ದೊಡ್ಡ ಹೊಳೆಯ ಮೀನುಗಳು ಹಳ್ಳವನ್ನೇರಿ, ಹಳ್ಳದಿಂದ ತೋಡನ್ನೇರಿ, ಗದ್ದೆಯ ಬದುವಿನವರೆಗೂ ಬರುತ್ತಿದ್ದವು. ಹತ್ತುಮೀನು ಎಂದು ನಮ್ಮ ಕಡೆಯವರು ಇದನ್ನು ಕರೆಯುತ್ತಾರೆ. ನನಗೆ ಹತ್ತು ವರ್ಷವಾಗಿದ್ದಾಗ ಆ ಹಳ್ಳಕ್ಕೆ ಅಡ್ಡಲಾಗಿ ಗಾರೆಯ ಕಟ್ಟೆಯೊಂದು ಎದ್ದಿತು. ಕಟ್ಟಿಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ತೋಟಗಳಿಗೆ ನೀರು ಬೇಕಾಗಿತ್ತು, ಅವರು ಕಟ್ಟಿಸಿದರು. ಮುಂದಿನ ಮಳೆಗಾಲದಲ್ಲಿ ಮೀನುಗಳು ಎಂದಿನಂತೆ ಬಂದು, ಗೋಡೆಗೆ ಬಡಿದುಕೊಂಡು ಬಿದ್ದವು. ಹುಡುಗರಾದ ನಮಗೆ ಅದೇ ಹಬ್ಬವಾಯಿತು. ಬುಟ್ಟಿ ಹಿಡಿದು ನಿಂತರೆ ಸಾಕು, ಮೀನು ತಾನಾಗಿ ಬಂದು ಬೀಳುತ್ತಿತ್ತು. ಬಿದ್ದ ಮೀನಿನ ಹೊಟ್ಟೆಯ ತುಂಬ ತತ್ತಿ. ನಾಲ್ಕು ಮಳೆಗಾಲ ಈ ಹಬ್ಬ ನಡೆಯಿತು. ಐದನೆಯ ವರ್ಷ ಬರಿಯ ಬುಟ್ಟಿಯೊಡನೆ ಹಿಂದಿರುಗಿದೆವು. ಮೀನು ಎಲ್ಲಿ ಹೋಯಿತೆಂದು ಕೇಳಿದರೆ ಹಿರಿಯರು ಕಾಲ ಕೆಟ್ಟಿತೆಂದರು. ನಾನು ಆ ಉತ್ತರದಲ್ಲಿ ತೃಪ್ತನಾಗಿ ಬಹುಕಾಲ ಕಳೆದೆ.

ಎಷ್ಟೋ ವರ್ಷಗಳ ಮೇಲೆ, ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ, ಬಕ್ಲಂಡನ ಭಾವಮೈದುನ ಬರೆದು 1885ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ನನ್ನ ಕೈಗೆ ಸಿಕ್ಕಿತು. ನಗುವುದಕ್ಕಾಗಿ ಕೊಂಡುತಂದ ಪುಸ್ತಕ ಅದು. ಅರ್ಧ ಓದುವಷ್ಟರಲ್ಲಿ ನಗು ನಿಂತುಹೋಯಿತು. ಆ ಮನುಷ್ಯನ ಕಥೆಯನ್ನು ವಾಚಕರಿಗೆ ಹೇಳಬೇಕೆಂಬ ಆಸೆ ಅಂದಿನಿಂದಲೂ ಇದೆ.

ಬಕ್ಲಂಡ್ ಹುಟ್ಟಿದ್ದು 1826ರ ಡಿಸೆಂಬರ್ 17ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ವಿಲಿಯಂ ಬಕ್ಲಂಡ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಮುಂದೆ ಡೈನೋಸಾರ್ ಎಂಬ ಹೆಸರನ್ನು ಪಡೆದ ಪ್ರಾಣಿಗಳ ಪೈಕಿ ಮೊದಲನೆಯದಾದ ಮೆಗಲೋಸಾರಸ್ಸನ್ನು 1824ರಲ್ಲಿ ಲೋಕಕ್ಕೆ ಪರಿಚಯಿಸಿದವನು. ತಾಯಿ ಮೇರಿ ಪಳೆಯುಳಿಕೆಗಳ ಚಿತ್ರ ಬಿಡಿಸುವುದರಲ್ಲಿ ನಿಪುಣೆ. ಮನೆಯೆಂದರೆ ಅರ್ಧ ವಸ್ತುಸಂಗ್ರಹಾಲಯ, ಅರ್ಧ ಮೃಗಶಾಲೆ. ಸೃಷ್ಟಿಯಲ್ಲಿ ತಿನ್ನಲು ಬರುವುದೆಲ್ಲವನ್ನೂ ತಿಂದು ನೋಡಬೇಕೆಂಬುದು ತಂದೆಯ ಹಟವಾಗಿದ್ದುದರಿಂದ ಊಟದ ಮೇಜಿಗೆ ಇಲಿಯೂ ಮೊಸಳೆಯೂ ಬಂದದ್ದುಂಟು. ಇಂಥ ಮನೆಯಲ್ಲಿ ಬೆಳೆದವನಿಗೆ ಹೇಸಿಗೆ ಎಂಬುದು ತಿಳಿಯದೆ ಹೋದದ್ದು ಆಶ್ಚರ್ಯವಲ್ಲ. ಕರಡಿಮರಿಯ ಪ್ರಸಂಗ ನಡೆದದ್ದು 1847ರಲ್ಲಿ, ಆತನು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ. ಆಮೇಲೆ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯವನ್ನು ಕಲಿತು, 1854ರಲ್ಲಿ ರಾಣಿಯ ಅಶ್ವದಳವೊಂದರ ಸಹಾಯಕ ಶಸ್ತ್ರವೈದ್ಯನಾದನು.

ಆ ಕೆಲಸದಲ್ಲಿ ಬಿಡುವು ಬೇಕಾದಷ್ಟಿತ್ತು. ಆತನು ಬರೆಯತೊಡಗಿದನು. 1857ರಲ್ಲಿ ಹೊರಬಂದ ಪ್ರಕೃತಿಯ ಕೌತುಕಗಳ ಸಂಪುಟ ಜನರ ಮನಸ್ಸನ್ನು ಸೆಳೆಯಿತು; ಮತ್ತೆ ಮೂರು ಸಂಪುಟಗಳು ಬಂದವು. 1859ರಲ್ಲಿ, ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿದ್ದ ಸಾವಿರಾರು ಶವಪೆಟ್ಟಿಗೆಗಳ ನಡುವೆ ದಿನಗಟ್ಟಲೆ ಹುಡುಕಿ, ಶಸ್ತ್ರವೈದ್ಯರ ಗುರುವೆನಿಸಿದ್ದ ಜಾನ್ ಹಂಟರನ ಪೆಟ್ಟಿಗೆಯನ್ನು ಪತ್ತೆಮಾಡಿದನು. ಹಂಟರನ ಅವಶೇಷಗಳು ವೆಸ್ಟ್‌ಮಿನ್‌ಸ್ಟರ್ ಅಬಿಯನ್ನು ಸೇರಿದವು. ಈ ಹುಡುಕಾಟದಲ್ಲಿ ಬಕ್ಲಂಡನ ಒಂದು ಗುಣ ಎದ್ದು ಕಾಣುತ್ತದೆ: ಒಂದು ವಸ್ತು ಕಳೆದುಹೋಗಿದೆಯೆಂದು ಲೋಕವೆಲ್ಲ ಕೈಬಿಟ್ಟಾಗ, ಸ್ವತಃ ಇಳಿದು ಒಂದೊಂದನ್ನೇ ಸರಿಸಿ ನೋಡುವ ಗುಣ. ಮುಂದೆ ನದಿಗಳ ವಿಷಯದಲ್ಲಿ ಕೆಲಸಕ್ಕೆ ಬಂದದ್ದು ಇದೇ.

ಆ ಕಾಲದ ಇಂಗ್ಲೆಂಡಿನ ನದಿಗಳ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಸಾಲ್ಮನ್ ಎಂಬುದು ಎರಡು ಲೋಕಗಳ ಮೀನು. ಚಳಿಗಾಲದ ಮೊದಲಲ್ಲಿ ನದಿಯ ಮೇಲ್ಭಾಗದ ತಣ್ಣನೆಯ, ತಿಳಿಯಾದ ಹೊನಲಿನಲ್ಲಿ, ಜಲ್ಲಿಕಲ್ಲುಗಳ ನಡುವೆ ತತ್ತಿಯಿಡುತ್ತದೆ. ಮರಿ ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಅಲ್ಲಿಯೇ ಬೆಳೆದು ಸಮುದ್ರಕ್ಕೆ ಇಳಿಯುತ್ತದೆ. ಸಮುದ್ರದಲ್ಲಿ ಕೊಬ್ಬಿ ಬೆಳೆದು, ಬಹುಪಾಲು ತಾನು ಹುಟ್ಟಿದ ನದಿಯನ್ನೇ ಹುಡುಕಿಕೊಂಡು ಮೇಲೇರಿ ಬರುತ್ತದೆ. ಈ ಪಯಣದ ಯಾವ ಘಟ್ಟದಲ್ಲಿ ದಾರಿ ಕಡಿದರೂ ಸಂತಾನ ಕಡಿಯಿತು. 19ನೆಯ ಶತಮಾನದ ಇಂಗ್ಲೆಂಡ್ ಎಲ್ಲ ಘಟ್ಟಗಳಲ್ಲಿಯೂ ಅದನ್ನು ಕಡಿದಿತ್ತು. ಗಿರಣಿಗಳಿಗೆಂದೂ ದೋಣಿಗಳ ಸಂಚಾರಕ್ಕೆಂದೂ ಕಟ್ಟೆಗಳು ಎದ್ದಿದ್ದವು. ವೇಲ್ಸಿನ ಹೊಳೆಗಳಿಗೆ ಸೀಸದ ಗಣಿಗಳ ತೊಳಪು ಹರಿದುಬರುತ್ತಿತ್ತು. ಕಾಗದದ ಕಾರ್ಖಾನೆ, ಚರ್ಮ ಹದಮಾಡುವ ಮನೆ, ನಗರದ ಕೊಳಚೆ, ಎಲ್ಲಕ್ಕೂ ನದಿಯೇ ಗತಿ. ನದೀಮುಖದಲ್ಲಿ ವರ್ಷವಿಡೀ ಕದಲದ ಬಲೆಗಳು. ಮೇಲ್ಭಾಗದಲ್ಲಿ ತತ್ತಿಯಿಡಲು ಬಂದ ಮೀನಿಗೆ ಕಳ್ಳರ ಈಟಿ. ಥೇಮ್ಸ್ ನದಿಯಿಂದ ಸಾಲ್ಮನ್ 1830ರ ದಶಕದಲ್ಲಿಯೇ ಕಣ್ಮರೆಯಾಗಿತ್ತು. 1858ರ ಬೇಸಗೆಯಲ್ಲಿ ಆ ನದಿಯ ದುರ್ಗಂಧ ಪಾರ್ಲಿಮೆಂಟಿನ ಸದಸ್ಯರಿಗೂ ಸಹಿಸಲಸಾಧ್ಯವಾಯಿತು. ಕೊನೆಗೆ 1861ರಲ್ಲಿ ಸಾಲ್ಮನ್ ಮೀನುಗಾರಿಕೆಯ ಶಾಸನ ಬಂದಿತು. ತತ್ತಿಯಿಡುವ ಕಾಲದಲ್ಲಿ ಹಿಡಿಯಕೂಡದು, ನೀರಿಗೆ ವಿಷ ಬೆರೆಸಕೂಡದು, ಸಾಲ್ಮನ್ ಇರುವ ನೀರಿಗೆ ಹೊಸದಾಗಿ ಕಟ್ಟುವ ಕಟ್ಟೆಗಳಿಗೆ ಮೀನಿನ ದಾರಿ ಇರಬೇಕು ಎಂದು ಅದು ವಿಧಿಸಿತು. ನೋಡಿಕೊಳ್ಳುವುದಕ್ಕೆ ಇಬ್ಬರು ಪರೀಕ್ಷಕರನ್ನು ನೇಮಿಸಲಾಯಿತು.

ಬಕ್ಲಂಡನಿಗೆ ಮೊದಲು ಹಿಡಿದ ಹುಚ್ಚು ಬೇರೆ. ದೂರದೇಶಗಳ ಪ್ರಾಣಿಗಳನ್ನು ತಂದು ಇಂಗ್ಲೆಂಡಿನಲ್ಲಿ ಒಗ್ಗಿಸಿ, ಬಡವರ ತಟ್ಟೆಗೆ ಮಾಂಸ ಒದಗಿಸಬೇಕೆಂಬುದು ಅದು. 1860ರಲ್ಲಿ ಅದಕ್ಕಾಗಿ ಒಂದು ಸಂಘವೂ ಹುಟ್ಟಿತು. ಆಫ್ರಿಕದ ಜಿಂಕೆ, ಆಸ್ಟ್ರೇಲಿಯದ ಕಾಂಗರೂ ಎಂದು ಔತಣಗಳೂ ನಡೆದವು. ಸಂಘ ಬಹುಕಾಲ ಬಾಳಲಿಲ್ಲ. ಆದರೆ ಈ ಹುಚ್ಚೇ ಆತನನ್ನು ಮೀನಿನ ತತ್ತಿಯ ಬಳಿಗೆ ಕರೆತಂದಿತು. ಫ್ರಾನ್ಸಿನಲ್ಲಿ ಮೀನಿನ ತತ್ತಿಗಳನ್ನು ಕೃತಕವಾಗಿ ಮರಿಮಾಡಿಸುವ ವಿದ್ಯೆ ಆಗ ಬೆಳೆಯುತ್ತಿತ್ತು. ಹೆಣ್ಣುಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ತತ್ತಿಗಳನ್ನು ಬೋಗುಣಿಗೆ ಇಳಿಸಿ, ಗಂಡಿನ ವೀರ್ಯವನ್ನು ಬೆರೆಸಿ, ಜಲ್ಲಿ ಹಾಸಿದ ತಟ್ಟೆಯಲ್ಲಿಟ್ಟು ತಣ್ಣೀರು ಹರಿಸುತ್ತಿದ್ದರೆ ಮರಿಗಳು ಹೊರಡುತ್ತವೆ. 1863ರಲ್ಲಿ ಆತನು ಈ ತಟ್ಟೆಗಳನ್ನು ಲಂಡನ್ನಿನ ಒಂದು ವಾರಪತ್ರಿಕೆಯ ಕಚೇರಿಯ ಕಿಟಕಿಯಲ್ಲಿ ಇರಿಸಿದನು. ದಾರಿಹೋಕರು ಗುಂಪುಗೂಡಿ, ಅಕ್ಕಿಯ ನುಚ್ಚಿನಷ್ಟು ಕಣ್ಣುಗಳುಳ್ಳ ಆ ತತ್ತಿಗಳು ಮಿಸುಕುವುದನ್ನು ನೋಡಿದರು. ಆ ವರ್ಷವೇ ಸೈನ್ಯದ ಕೆಲಸವನ್ನು ಬಿಟ್ಟನು. 1865ರಲ್ಲಿ ದಕ್ಷಿಣ ಕೆನ್ಸಿಂಗ್‌ಟನ್ನಿನಲ್ಲಿ ಮೀನುಸಾಕಣೆಯ ವಸ್ತುಸಂಗ್ರಹವೊಂದನ್ನು ತೆರೆದು, ತಾನೇ ಗಾರೆಯಚ್ಚು ತೆಗೆದು ಬಣ್ಣ ಬಳಿದ ಮೀನುಗಳನ್ನು ಅಲ್ಲಿ ತುಂಬಿದನು.

1864ರಲ್ಲಿ ಹಡಗೊಂದು ಒಂದು ಲಕ್ಷ ಸಾಲ್ಮನ್ ತತ್ತಿಗಳನ್ನು ಹಾವಸೆಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇರಿಸಿಕೊಂಡು ಟಾಸ್ಮೇನಿಯಕ್ಕೆ ಹೊರಟಿತು. ಈ ಸಾಹಸದ ಯಜಮಾನ ಜೇಮ್ಸ್ ಯೂಲ್. ಜೊತೆಯಲ್ಲಿ ಸುಮಾರು ಮೂರು ಸಾವಿರ ಟ್ರೌಟ್ ತತ್ತಿಗಳೂ ಹೋದವು. ಅವನ್ನು ಕೂಡಿಸಿಕೊಟ್ಟವರಲ್ಲಿ ಬಕ್ಲಂಡನೂ ಒಬ್ಬ. ಸಾಲ್ಮನ್ ಮರಿಗಳು ಸಮುದ್ರಕ್ಕಿಳಿದು ಹಿಂದಿರುಗಲೇ ಇಲ್ಲ. ಟ್ರೌಟ್ ಮಾತ್ರ ಬೇರೂರಿತು, ಅಲ್ಲಿಂದ ನ್ಯೂಜಿಲೆಂಡಿಗೂ ಹಬ್ಬಿತು. ಅಂದು ಅದು ವಿಜಯವೆನಿಸಿತು. ಆದರೆ ಆ ದ್ವೀಪಗಳ ಹೊಳೆಗಳಲ್ಲಿದ್ದ ಸಣ್ಣ ನಾಡಮೀನುಗಳನ್ನು ಈ ಅತಿಥಿ ಹಲವು ಕಡೆ ತಿಂದು ತೆರವುಮಾಡಿತೆಂದು ನಾವು ಇಂದು ಬಲ್ಲೆವು. ಒಳ್ಳೆಯದನ್ನೇ ಬಯಸಿ ಕೈಹಾಕಿದರೂ ನದಿ ಕೆಡಬಹುದು. ಇದನ್ನು ಮುಚ್ಚಿಟ್ಟು ಬಕ್ಲಂಡನನ್ನು ಹೊಗಳುವುದು ಆತನಿಗೆ ಮಾಡುವ ಉಪಕಾರವಲ್ಲ.

1867ರಲ್ಲಿ ಆತನು ಸಾಲ್ಮನ್ ಮೀನುಗಾರಿಕೆಯ ಪರೀಕ್ಷಕನಾಗಿ ನೇಮಕಗೊಂಡನು. ಅಲ್ಲಿಂದ ಸಾಯುವವರೆಗೆ, 13 ವರ್ಷಗಳ ಕಾಲ, ಇಂಗ್ಲೆಂಡ್ ಮತ್ತು ವೇಲ್ಸಿನ ನದಿಗಳೇ ಆತನ ಕಚೇರಿ. ಪರೀಕ್ಷಕನಿಗೆ ಹೆಸರು ದೊಡ್ಡದು, ಅಧಿಕಾರ ಸಣ್ಣದು. ಹಳೆಯ ಕಟ್ಟೆಗಳ ಒಡೆಯರನ್ನು ಬಲವಂತಪಡಿಸುವ ಶಕ್ತಿ ಶಾಸನಕ್ಕೆ ಅಷ್ಟಾಗಿ ಇರಲಿಲ್ಲ. ಆದ್ದರಿಂದ ಗಿರಣಿಯ ಒಡೆಯನ ಮನೆಯಲ್ಲಿ ಕುಳಿತು, ಚುಟ್ಟಾ ಸೇದುತ್ತ, ನಗಿಸುತ್ತ, ನಡುವೆ ಮೀನಿನ ಮಾತನ್ನು ತೆಗೆದು ಒಪ್ಪಿಸಬೇಕಾಗಿತ್ತು. ಕಾಲೇಜಿನಲ್ಲಿ ನಮ್ಮನ್ನು ನಗಿಸಿದ ಆ ವಿನೋದದ ಸ್ವಭಾವವೇ ಇಲ್ಲಿ ಆತನ ಆಯುಧವಾಯಿತು. ಒಂದು ಕಡೆ ಮೀನುಗಾರ, ಇನ್ನೊಂದು ಕಡೆ ಕಾರ್ಖಾನೆಯವನು, ಮತ್ತೊಂದು ಕಡೆ ಜಮೀನುದಾರ. ಮೂವರೂ ಒಬ್ಬರನ್ನೊಬ್ಬರು ದೂರುತ್ತಿದ್ದಾಗ ಮೂವರ ಮನೆಯಲ್ಲಿಯೂ ಬಾಗಿಲು ತೆರೆದಿದ್ದುದು ಈತನೊಬ್ಬನಿಗೆ.

ಕಟ್ಟೆಯನ್ನು ಕೆಡವಲಾಗದಿದ್ದರೆ ಮೀನಿಗೆ ಏಣಿ ಇಡಬೇಕು. ಏಣಿಯನ್ನು ಕಂಡುಹಿಡಿದವನು ಬಕ್ಲಂಡ್ ಅಲ್ಲ. ಸ್ಕಾಟ್ಲೆಂಡಿನಲ್ಲಿ ಅದು ಮುಂಚೆಯೇ ಇತ್ತು. ಒಂದೇ ಎತ್ತರದ ಧುಮುಕನ್ನು ಹಲವು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿನಲ್ಲಿಯೂ ಮಡು ನಿಲ್ಲುವಂತೆ ಮಾಡುವುದು ಅದರ ತತ್ವ. ಮೀನು ಒಂದು ಮಡುವಿನಿಂದ ಇನ್ನೊಂದಕ್ಕೆ ನೆಗೆಯುತ್ತ, ನಡುನಡುವೆ ದಣಿವಾರಿಸಿಕೊಳ್ಳುತ್ತ ಮೇಲೇರುತ್ತದೆ. ಕೇಳಲು ಸುಲಭ. ಆದರೆ ಏಣಿಯ ಬಾಯಿ ಎಲ್ಲಿರಬೇಕೆಂಬುದರಲ್ಲಿ ಎಲ್ಲ ರಹಸ್ಯವೂ ಅಡಗಿದೆ. ಮೀನು ನೀರಿನ ಸೆಳೆತವನ್ನು ಎದುರಿಸಿಕೊಂಡು ನೇರವಾಗಿ ಕಟ್ಟೆಯ ಬುಡಕ್ಕೆ ಬರುತ್ತದೆ. ಬಾಯಿ ಕೆಳಗೆಲ್ಲೋ ದೂರದಲ್ಲಿದ್ದರೆ, ಅಲ್ಲಿಂದ ಹರಿಯುವ ನೀರು ಕ್ಷೀಣವಾಗಿದ್ದರೆ, ಅದನ್ನು ದಾಟಿ ಬಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಇದನ್ನು ಓದಿದಾಗ ಆ ಸೂಚನಾಫಲಕದ ಕಥೆ ನನಗೆ ಮತ್ತೆ ನೆನಪಾಯಿತು. ಕೆಳಕ್ಕೆ ಹೋಗಿ ಪಕ್ಕಕ್ಕೆ ತಿರುಗಿ ಎಂದು ಮೀನಿಗೆ ಹೇಳಬೇಕಾಗಿ ಬಂತೆಂದರೆ, ದಾರಿಯ ಬಾಯಿ ಮೀನಿಗೆ ಕಾಣುವ ಸ್ಥಳದಲ್ಲಿ ಇರಲಿಲ್ಲವೆಂದೇ ಅರ್ಥ. ಮೀನಿಗೆ ಓದು ಬಾರದು. ಓದು ಬರುವವರು ಆ ಫಲಕವನ್ನು ಓದಲಿ ಎಂದೇ ಆತನು ಅದನ್ನು ನಿಲ್ಲಿಸಿರಬೇಕು.

ಚಳಿಗಾಲ ಬಂತೆಂದರೆ ತತ್ತಿ ಸಂಗ್ರಹಿಸುವ ಕೆಲಸ. ಮಂಜು ಗಟ್ಟಿಗೊಳ್ಳುವ ನೀರಿನಲ್ಲಿ ಸೊಂಟದವರೆಗೆ ಇಳಿದು ಗಂಟೆಗಟ್ಟಲೆ ನಿಲ್ಲುವುದು ಆತನಿಗೆ ವಾಡಿಕೆಯಾಯಿತು. ದಪ್ಪ ಮೈಯ, ಗಿಡ್ಡ ಆಳು. ಮೇಲಂಗಿಯೆಂದರೆ ಆಗದು, ಬೂಟುಗಳೆಂದರೆ ಹಗೆ. ಥೇಮ್ಸ್ ನದಿಗೂ ಮರಿಗಳನ್ನು ಬಿಟ್ಟನು. ಅವು ಹಿಂದಿರುಗಲಿಲ್ಲ, ಲಂಡನ್ನಿನ ಕೊಳಚೆಯನ್ನು ದಾಟಿ ಬರುವುದು ಅವಕ್ಕೆ ಸಾಧ್ಯವಿರಲಿಲ್ಲ. ತತ್ತಿಯನ್ನು ಎಷ್ಟು ಸುರಿದರೂ ದಾರಿ ತೆರೆಯದೆ, ನೀರು ತಿಳಿಯಾಗದೆ ನದಿ ತುಂಬದು. ಈ ಪಾಠವನ್ನು ಆತನಿಗೆ ಕಲಿಸಿದ್ದು ಯಾವ ಗುರುವೂ ಅಲ್ಲ, ಬರಿದಾಗಿಯೇ ಉಳಿದ ಥೇಮ್ಸ್. 

ಶಾಸ್ತ್ರಜ್ಞನೆಂಬ ಕೀರ್ತಿ ಆತನಿಗೆ ಪೂರ್ಣವಾಗಿ ದೊರಕಲಿಲ್ಲ. ಡಾರ್ವಿನ್ನನ ವಾದವನ್ನು ಆತನು ಕೊನೆಯವರೆಗೂ ಒಪ್ಪಲಿಲ್ಲ. ಮೀನನ್ನು ದೇವರು ಮನುಷ್ಯನಿಗೆ ಇತ್ತ ಆಹಾರವೆಂದೇ ಕಂಡನು. ಹೀಗಿದ್ದರೂ ಕಣ್ಣು ಮಾತ್ರ ತಪ್ಪು ಮಾಡುತ್ತಿರಲಿಲ್ಲ. ಸಮುದ್ರದಿಂದ ಬಂದ ಸಾಲ್ಮನ್ ತನ್ನ ನದಿಯನ್ನು ವಾಸನೆಯಿಂದ ಗುರುತಿಸುತ್ತದೆ ಎಂದು ತನ್ನ ಕೊನೆಯ ಪುಸ್ತಕದಲ್ಲಿ ಬರೆದನು. ಆಗ ಅದು ಊಹೆ. 70 ವರ್ಷಗಳ ಮೇಲೆ, 1950ರ ದಶಕದಲ್ಲಿ, ಅಮೆರಿಕದ ಆರ್ಥರ್ ಹಾಸ್ಲರ್ ಮತ್ತು ಆತನ ಸಂಗಡಿಗರು ನಡೆಸಿದ ಪ್ರಯೋಗಗಳು ಆ ಊಹೆಯನ್ನು ಎತ್ತಿಹಿಡಿದವು.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿತ್ತೆಂಬುದನ್ನು ತಿಳಿದಾಗ ನನಗೆ ವಿಸ್ಮಯವಾಯಿತು. ಬಕ್ಲಂಡನಂತೆಯೇ ಶಸ್ತ್ರವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಎಂಬಾತನು ಮದರಾಸು ಪ್ರಾಂತದಲ್ಲಿ ಸೇವೆಗೆ ಸೇರಿ, 1871ರಿಂದ 1877ರವರೆಗೆ ಭಾರತದ ಮೀನುಗಾರಿಕೆಯ ಮಹಾಪರೀಕ್ಷಕನಾಗಿದ್ದನು. ನಮ್ಮ ನದಿಗಳ ಮೀನುಗಳನ್ನು ಕುರಿತು ಆತನು ರಚಿಸಿದ ಸಂಪುಟಗಳನ್ನು ಶಾಸ್ತ್ರಜ್ಞರು ಈಗಲೂ ತೆರೆಯುತ್ತಾರೆ. 1873ರ ವರದಿಯಲ್ಲಿ ಆತನು ಕಣ್ಣು ಸಣ್ಣದಾದ ಬಲೆಗಳನ್ನೂ, ನೀರಿಗೆ ವಿಷ ಬೆರೆಸುವುದನ್ನೂ, ಮೀನಿಗೆ ದಾರಿ ಬಿಡದ ಅಣೆಕಟ್ಟುಗಳನ್ನೂ ದೂಷಿಸಿದನು. ಕೊಡಗಿನಲ್ಲಿ ಹುಟ್ಟಿ ಬರುವ ನಮ್ಮ ಕಾವೇರಿ ಸಮುದ್ರ ಸೇರುವ ಮುನ್ನ ಕವಲೊಡೆಯುವ ಕೊಳ್ಳಿಡದ ಅಣೆಕಟ್ಟುಗಳು ಆ ಚರ್ಚೆಗೆ ಸೇರಿದ್ದವು. ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸುವ ಶಾಸನ 1897ರಲ್ಲಿ ಬಂದಿತು. ಅಣೆಕಟ್ಟಿನ ಪ್ರಶ್ನೆ ಅಷ್ಟು ಸುಲಭದಲ್ಲಿ ತೀರಲಿಲ್ಲ. ನಮ್ಮೂರಿನ ಹಳ್ಳಕ್ಕೆ ಕಟ್ಟೆ ಕಟ್ಟುವ ಹೊತ್ತಿಗೆ ಆ ವರದಿಗೆ ನೂರು ವರ್ಷ ತುಂಬುತ್ತಿತ್ತು.

ನೀರು ಕೊನೆಗೆ ಬಕ್ಲಂಡನಿಂದ ತನ್ನ ಬೆಲೆಯನ್ನು ಪಡೆಯಿತು. ಶ್ವಾಸಕೋಶಗಳು ಕೆಟ್ಟವು, ಮೈಯಲ್ಲಿ ನೀರು ತುಂಬಿತು. ಹಾಸಿಗೆಯಲ್ಲಿಯೇ ಪುಸ್ತಕದ ಕರಡನ್ನು ತಿದ್ದಿದನು. 1880ರ ಡಿಸೆಂಬರ್ 19ರಂದು, 54 ತುಂಬಿದ ಎರಡನೆಯ ದಿನ, ತೀರಿಕೊಂಡನು. ತನ್ನ ಸಂಗ್ರಹವನ್ನು ದೇಶಕ್ಕೂ, ಹೆಂಡತಿಯ ಕಾಲಾನಂತರ 5,000 ಪೌಂಡುಗಳನ್ನು ಮೀನುಸಾಕಣೆಯ ಬೋಧನೆಗೂ ಬಿಟ್ಟಿದ್ದನು. ಆತನ ಸ್ಥಾನಕ್ಕೆ ಬಂದವನು ಥಾಮಸ್ ಹಕ್ಸ್‌ಲಿ. ಬಕ್ಲಂಡ್ ಒಪ್ಪದ ಡಾರ್ವಿನ್ನನ ವಾದಕ್ಕೆ ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ವಕೀಲ. 

ಥೇಮ್ಸ್ ತಿಳಿಯಾಗಲು ಆಮೇಲೆ ಇನ್ನೂ ಬಹುಕಾಲ ಹಿಡಿಯಿತು. 1957ರಲ್ಲಿ ಲಂಡನ್ನಿನ ಪ್ರಕೃತಿ ವಸ್ತುಸಂಗ್ರಹಾಲಯದವರು ನಗರದ ಭಾಗದ ನದಿ ಜೀವವಿಲ್ಲದ್ದೆಂದು ಸಾರಿದರು. ಅನಂತರ ಕೊಳಚೆಯನ್ನು ಶುದ್ಧಿಮಾಡುವ ಕೆಲಸ ಗಟ್ಟಿಯಾಗಿ ನಡೆದು, 1974ರ ನವೆಂಬರಿನಲ್ಲಿ ವಿದ್ಯುದಾಗಾರವೊಂದಕ್ಕೆ ನೀರು ಸೆಳೆಯುವ ಜಾಲರಿಯಲ್ಲಿ ಒಂದು ಸಾಲ್ಮನ್ ಸಿಕ್ಕಿತು. ಸುಮಾರು 140 ವರ್ಷಗಳ ಮೇಲೆ ಬಂದ ಅತಿಥಿ. ಮುಂದೆ ಲಕ್ಷಗಟ್ಟಲೆ ಮರಿಗಳನ್ನು ತಂದು ಬಿಟ್ಟರು. ಆದರೆ 2005ರಿಂದ 2008ರವರೆಗೆ ಥೇಮ್ಸಿನಲ್ಲಿ ಸಿಕ್ಕ ಸಾಲ್ಮನ್‌ಗಳ ವಂಶಧಾತುವನ್ನು ಪರೀಕ್ಷಿಸಿದ ವಿಜ್ಞಾನಿಗಳು 2011ರಲ್ಲಿ ತಿಳಿಸಿದ್ದು ಬೇರೆ: ಅವು ಬಹುಪಾಲು ಬಿಟ್ಟ ಮರಿಗಳ ಸಂತಾನವಲ್ಲ, ದಕ್ಷಿಣ ಇಂಗ್ಲೆಂಡಿನ ಬೇರೆ ನದಿಗಳಿಂದ ದಾರಿ ಹುಡುಕಿಕೊಂಡು ತಾವಾಗಿ ಬಂದವು. ಸೆವರ್ನ್ ನದಿಯಲ್ಲಿ 1840ರ ದಶಕದಲ್ಲಿ ಕಟ್ಟಿದ ಕಟ್ಟೆಗಳಿಗೆ ನಮ್ಮ ಈ ಶತಮಾನದ ಮೂರನೆಯ ದಶಕದಲ್ಲಿ ಮೀನಿನ ದಾರಿಗಳಾದವು. ಬಕ್ಲಂಡನ ಮೃಗಶಾಲೆ, ಔತಣ, ಕರಡಿ ಎಲ್ಲ ಕಥೆಯಾದವು. ಬುಟ್ಟಿಗಟ್ಟಲೆ ಹೊತ್ತುತಂದ ತತ್ತಿಗಳೂ ಬಹುಪಾಲು ವ್ಯರ್ಥವಾದವು. ಉಳಿದದ್ದು ಒಂದು: ಮೀನು ಇಲ್ಲವಾದರೆ ಅದಕ್ಕೆ ಕಾಲ ಕಾರಣವಲ್ಲ, ಒಂದು ಗೋಡೆಯೋ ಒಂದು ಕೊಳವೆಯೋ ಕಾರಣ, ಅದನ್ನು ಹೋಗಿ ನೋಡಬೇಕು ಎಂಬ ಹಟ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಆ ಕಟ್ಟೆ ಇನ್ನೂ ಇದೆ. ಮಳೆ ಸ್ವಲ್ಪ ಹೊಳವಾದಾಗ ಕೊಡೆಯ ಕೋಲಿನಿಂದ ಅದರ ಎತ್ತರವನ್ನು ಅಳೆದೆ, ಐದಡಿ. ಒಂದು ಪಕ್ಕದಲ್ಲಿ, ಬುಡಕ್ಕೆ ಅಂಟಿಕೊಂಡಂತೆ, ಐದಾರು ಮೆಟ್ಟಿಲು ಕಟ್ಟಿದರೆ ತೋಟದ ನೀರಿಗೇನೂ ಕೊರತೆಯಾಗದು ಎನಿಸಿತು. ಸಂಜೆ ಜಗಲಿಯಲ್ಲಿ ಕುಳಿತಿದ್ದವರಿಗೆ, ಮೀನಿಗಾಗಿ ಮೆಟ್ಟಿಲು ಕಟ್ಟೋಣವೇ ಎಂದು ಕೇಳಿದೆ. ಎಲ್ಲರೂ ನಕ್ಕರು. ಆ ನಗು ನನಗೆ ಹೊಸದಲ್ಲ. ಹಿಂದೆ ತರಗತಿಯಲ್ಲಿ ನಾನೇ ನಕ್ಕಿದ್ದೆ. ನಗು ನಿಂತ ಮೇಲೆ ಒಬ್ಬಾತ ಮಾತ್ರ, ಮೆಟ್ಟಿಲಿಗೆ ಎಷ್ಟು ಸಿಮೆಂಟು ಬೇಕಾದೀತೆಂದು ವಿಚಾರಿಸಿದನು.